ತಾರೀಖು ಬಿಟ್ಟು ಬರೆದ ಚರಿತ್ರೆ

ಹೊಂಗ್‌ಜು
ಹುಲಿ ವರ್ಷ, ಎರಡನೆಯ ತಿಂಗಳು, ಹನ್ನೊಂದು

ಮಗಳು ಓಕ್‌ದಾನ್‌ಗೆ,

ಅಳಿಯ ಜುನ್‌ಸೊಕ್ ತೀರಿಕೊಂಡು ನೂರು ದಿನವಾಗುತ್ತ ಬಂತು. ಇಪ್ಪತ್ನಾಲ್ಕು ವರ್ಷ ವಯಸ್ಸು, ನಾಲ್ಕೇ ದಿನದ ಜ್ವರ. ಮಣ್ಣಿಗೆ ಬರಲು ನನಗಾಗಲಿಲ್ಲ. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿತ್ತು. ಇಲ್ಲಿ ಹನ್ನೆರಡು ಮಂದಿ ಶಿಷ್ಯರು, ಮೇಲೆ ನನ್ನ ಪುಸ್ತಕದ ಕೊನೆಯ ಭಾಗ.

ಆ ಪುಸ್ತಕದ ವಿಷಯ ನಿನಗೆ ಹೊಸದಲ್ಲ. ಮನುಷ್ಯನ ಹುಟ್ಟುಗುಣವೂ ಮೃಗದ ಹುಟ್ಟುಗುಣವೂ ಒಂದೇ ಎಂದು ರಾಜಧಾನಿಯ ಕಡೆಯ ಪಂಡಿತರು ಸಾರುತ್ತ ಬಂದಿದ್ದಾರೆ. ತೀರಿಹೋದ ನಿನ್ನ ಮಾವನೂ ಅದೇ ಪಂಥದವರು. ನಿನ್ನ ಅಜ್ಜ ಮಾತು ಕೊಟ್ಟುಬಿಟ್ಟಿದ್ದರೆಂದು ನಿನ್ನನ್ನು ಆ ಮನೆಗೆ ಕೊಟ್ಟೆನೇ ಹೊರತು ಮನಸ್ಸಿದ್ದು ಕೊಟ್ಟದ್ದಲ್ಲ. ನಮ್ಮ ಕಡೆಯವರ ಮಾತು ಸ್ಪಷ್ಟವಾಗಿದೆ. ಮೃಗಕ್ಕೆ ದಕ್ಕಿರುವುದು ಮಣ್ಣುಗೋಡೆಯ ಬಿರುಕಿನಲ್ಲಿ ತೂರಿ ಬಂದಷ್ಟು ಬೆಳಕು. ಹುಲಿಗೆ ಮರಿಯ ಮೇಲೆ ಮಮತೆ, ಇರುವೆಗೆ ಒಡೆಯನಲ್ಲಿ ನಿಷ್ಠೆ, ಅಷ್ಟೇ. ಕರುಣೆ, ನ್ಯಾಯ, ವಿನಯ, ವಿವೇಕ, ನಂಬಿಕೆ ಈ ಐದು ಗುಣಗಳೂ ತುಂಬಿ ಬಂದಿರುವುದು ಮನುಷ್ಯನಲ್ಲಿ ಮಾತ್ರ. ಉಸಿರಿಗಿಂತ ದೊಡ್ಡದೊಂದಿದೆ ಎಂದು ಬಲ್ಲವನು ಅವನೊಬ್ಬನೇ.

ಈ ಭೇದ ಪುಸ್ತಕದಲ್ಲಿ ಕಾಣುವುದಿಲ್ಲ, ಇಂಥ ವೇಳೆಯಲ್ಲಿ ಕಾಣುತ್ತದೆ. ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ನೀನು ನನ್ನ ಮಗಳು. ನಿನಗೆ ಗೊತ್ತಿರುತ್ತದೆ.

ಅಪ್ಪ
ಗ್ವಾಕ್ ಸೆದೊ


ಯಾಂಗ್‌ಜು
ಹುಲಿ ವರ್ಷ, ಎರಡನೆಯ ತಿಂಗಳು, ಇಪ್ಪತ್ತೇಳು

ಅಪ್ಪನಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಅಳು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ. ಎರಡನೆಯ ಸಲ, 'ನೀನು ಹೇಗಿದ್ದೀ' ಎಂಬ ಒಂದು ಮಾತು ಎಲ್ಲಾದರೂ ಸಿಕ್ಕೀತೇ ಎಂದು ಹುಡುಕಿದೆ. ಹುಲಿ ಇತ್ತು, ಇರುವೆ ಇತ್ತು. ನಾನಿರಲಿಲ್ಲ. ಮೂರನೆಯ ಸಲ ಓದಿ ಮಡಿಸಿಟ್ಟು, ಇದನ್ನು ಬರೆಯಲು ಕೂತೆ.

ನೀವು ಕೇಳದಿದ್ದರೂ ಹೇಳುತ್ತೇನೆ. ನಾನು ಹಿಂದಿನ ಕೋಣೆಯಲ್ಲಿದ್ದೇನೆ. ಮೈದುನ ಮಾನ್‌ಸೊಕ್ ನನ್ನನ್ನು ಅಲ್ಲಿಗೆ ಹಾಕಿಸಿದರು, ಶೋಕದಲ್ಲಿರುವವಳಿಗೆ ಗದ್ದಲ ಬೇಡವೆಂದು. ಅವರ ಹೆಂಡತಿ ದಿನಕ್ಕೆರಡು ಸಲ ಗಂಜಿ ತಂದಿಡುತ್ತಾಳೆ. ದಿನದಿಂದ ದಿನಕ್ಕೆ ನೀರು ಹೆಚ್ಚು, ಅಕ್ಕಿ ಕಡಿಮೆ. ಮೊನ್ನೆ ಖಾಲಿ ಬಟ್ಟಲನ್ನು ನೋಡಿ, ಬೇಸರದಿಂದಲೂ ಅಲ್ಲ, ನಿಜಕ್ಕೂ ಆಶ್ಚರ್ಯದಿಂದ ಕೇಳಿದಳು, "ಅಕ್ಕ, ಇನ್ನೂ ಹಸಿವಾಗುತ್ತಾ ನಿಮಗೆ?"

ಅತ್ತೆ ಬಂದು ಬಾಗಿಲಲ್ಲಿ ಕೂರುತ್ತಾರೆ. ಮಗ ಸತ್ತ ದುಃಖ ಅವರಿಗೆ ನಿಜವಾಗಿಯೂ ಇದೆ, ಅದನ್ನು ಇಲ್ಲವೆನ್ನಲಾರೆ. ಆದರೆ ಅಳುವಿನ ನಡುವೆಯೇ ಶುರುಮಾಡುತ್ತಾರೆ: "ಕೆಳಗಿನ ಕೇರಿ ಛೊ ಮನೆ ಸೊಸೇನ ನೋಡು. ಎಷ್ಟು ಚಿಕ್ಕೋಳು, ನಿನಗಿಂತ ಎರಡು ವರ್ಷ ಚಿಕ್ಕೋಳು. ಗಂಡನ ಹಿಂದೇನೇ ಹೋದ್ಲು. ಇವತ್ತು ಅವರ ಮನೆ ಮುಂದೆ ಕೆಂಪು ಬಾಗಿಲು ನಿಂತಿದೆ, ಅರಮನೆ ಅಪ್ಪಣೆ. ಎಂಥ ಅಧಿಕಾರಿ ಬಂದ್ರೂ ಅಲ್ಲಿ ಕುದುರೆ ಇಳೀಬೇಕು. ನಮ್ಮ ಮನೇಲಿ ಮೂರು ತಲೆಮಾರಿಂದ ಒಬ್ಬನೂ ಅರಮನೆ ಪರೀಕ್ಷೆ ಪಾಸಾಗಿಲ್ಲ ಕಣೇ."

"ಅತ್ತೆ, ಪರೀಕ್ಷೆಗೆ ಕೂತು ಫೇಲಾದೋರು ಮೈದುನರು. ಸಾಯಬೇಕಾದೋಳು ನಾನಾ?" ಅಂದೆ. ಆಮೇಲೆ ಎರಡು ದಿನ ಗಂಜಿಯೂ ಬರಲಿಲ್ಲ.

ನಿಮಗೆ ಇಲ್ಲಿನ ಲೆಕ್ಕಾಚಾರ ತಿಳಿಯದೆಂದಲ್ಲ, ಆದರೂ ಬರೆಯುತ್ತೇನೆ. ನನ್ನ ಗಂಡ ಈ ಮನೆಯ ಹಿರಿಯ ಮಗ. ಮಕ್ಕಳಿಲ್ಲದೆ ಹೋದರು. ನಾನು ಬದುಕಿದ್ದರೆ ಹಿರಿ ಸೊಸೆ. ವಂಶದಲ್ಲಿ ಯಾರ ಮಗುವನ್ನು ದತ್ತು ತಂದು ಹಿರಿಯರ ಪೂಜೆಗೆ ನಿಲ್ಲಿಸಬೇಕೆಂದು ಹೇಳುವ ಹಕ್ಕು ನನ್ನದು. ನಾನು ಸತ್ತರೆ ಮನೆ, ಪೂಜೆ, ಗೋರಿಗುಡ್ಡ, ಎಲ್ಲವೂ ಮಾನ್‌ಸೊಕ್‌ಗೆ. ಮೇಲೊಂದು ಕೆಂಪು ಬಾಗಿಲು ಬೇರೆ.

ಈಗ ನಿಮ್ಮ ಭೇದಕ್ಕೆ ಬರುತ್ತೇನೆ. ಚಿಕ್ಕಮ್ಮ ತೀರಿಕೊಂಡ ಹನ್ನೊಂದನೆಯ ತಿಂಗಳಿಗೆ ಚಿಕ್ಕಪ್ಪ ಹೊಸ ಚಿಕ್ಕಮ್ಮನನ್ನು ಮನೆತುಂಬಿಸಿಕೊಂಡರು. ನೀವೇ ಮುಂದೆ ನಿಂತು ಮದುವೆ ಮಾಡಿಸಿದಿರಿ, ಮೂರು ಬಟ್ಟಲು ಅಕ್ಕಿಮದ್ಯ ಕುಡಿದು ಹಾಡಿದಿರಿ ಕೂಡ. ಅವರ ಹುಟ್ಟುಗುಣವನ್ನು ನಿಮ್ಮ ಪುಸ್ತಕದ ಯಾವ ಭಾಗಕ್ಕೆ ಸೇರಿಸಿದ್ದೀರಿ? ಮನುಷ್ಯರದಕ್ಕೋ, ಇರುವೆಯದಕ್ಕೋ?

ನನ್ನ ಗಂಡ ಹೇಳುತ್ತಿದ್ದರು, ನೀರು ಒಂದೇ, ಬಟ್ಟಲು ಮಾತ್ರ ಬೇರೆ ಎಂದು. ಹೇಳಿ ನಗುತ್ತಿದ್ದರು: "ನಿಮ್ಮಪ್ಪನ ಕಿವಿಗೆ ಬಿದ್ರೆ ನನ್ನ ಕಿವಿ ಹಿಂಡ್ತಾರೆ." ಅವರು ನನ್ನೊಡನೆ ವಾದಕ್ಕೆ ಕೂರುತ್ತಿದ್ದರು, ಅಪ್ಪ. ಸೋತರೆ ಸೋತೆ ಎನ್ನುತ್ತಿದ್ದರು.

ನಾನು ಸಾಯಬೇಕೆ? 'ಹೌದು' ಅಥವಾ 'ಬೇಡ'. ಒಂದು ಪದ ಬರೆಯಿರಿ. ಹುಲಿಯ ಕಥೆ ಬೇಡ.

ಓಕ್‌ದಾನ್


ಹೊಂಗ್‌ಜು
ಹುಲಿ ವರ್ಷ, ಮೂರನೆಯ ತಿಂಗಳು, ಹದಿನೈದು

ಓಕ್‌ದಾನ್‌ಗೆ,

ನಿನ್ನ ಕಾಗದದ ಧಾಟಿ ನೋಡಿ ಇದು ನನ್ನ ಮನೆಯಲ್ಲಿ ಬೆಳೆದವಳ ಕೈಬರಹವೇ ಎಂದು ಎರಡು ಸಲ ತಿರುವಿ ನೋಡಿದೆ. ತಂದೆಗೆ ಬರೆಯುವ ರೀತಿಯೇ ಇದು? ಚಿಕ್ಕಪ್ಪನ ವಿಷಯ ಎತ್ತಿದ್ದೀ. ವಂಶ ಮುಂದುವರಿಸುವುದು ಗಂಡಸಿನ ಕರ್ತವ್ಯ. ಅದೂ ಇದೂ ಒಂದೇ ಎನ್ನುವುದು ರಾಜಧಾನಿಯವರ ರೋಗ. ಎಲ್ಲವೂ ಒಂದೇ! ಮನುಷ್ಯ–ಮೃಗ ಒಂದೇ, ನಾವೂ ಉತ್ತರದ ಕಾಡುಜನರೂ ಒಂದೇ, ಇನ್ನು ಗಂಡು–ಹೆಣ್ಣೂ ಒಂದೇ. ಬಟ್ಟಲು ಬೇರೆಯಾದ ಮೇಲೆ ನೀರಿನ ಆಕಾರವೂ ಬೇರೆಯೇ. ಆಕಾರವಿಲ್ಲದ ನೀರನ್ನು ಕುಡಿದವರು ಯಾರಿದ್ದಾರೆ?

ನಾನು 'ಸಾಯಿ' ಎಂದು ಎಲ್ಲಿ ಬರೆದೆ? ತೋರಿಸು.

ನೀನು ಊಟ ಬಿಟ್ಟಿದ್ದೀ, ಗಂಡನ ಹಿಂದೆ ಹೋಗುವ ಪಣ ತೊಟ್ಟಿದ್ದೀ ಎಂದು ನಿನ್ನ ಮೈದುನ ಮೊದಲ ತಿಂಗಳಲ್ಲೇ ನನಗೆ ಬರೆದಿದ್ದ. ಈಗ ನೀನು ಬೇರೆಯೇ ಹೇಳುತ್ತಿದ್ದೀ. ದೂರದಲ್ಲಿರುವ ನಾನು ಯಾರನ್ನು ನಂಬಲಿ? ಮನೆಯೊಳಗಿನ ಜಗಳ ಮನೆಯೊಳಗೇ ತೀರಬೇಕು. ಕೊಟ್ಟ ಹೆಣ್ಣು ಕೊಟ್ಟ ಮನೆಯವಳು.

ಇನ್ನು ಮುಂದೆ ತತ್ತ್ವದ ಮಾತನ್ನು ಬರೆಯಬೇಡ. ನಿನ್ನ ಅಮ್ಮ ಆರೋಗ್ಯವಾಗಿದ್ದಾಳೆ.

ಅಪ್ಪ


ಯಾಂಗ್‌ಜು
ಹುಲಿ ವರ್ಷ, ನಾಲ್ಕನೆಯ ತಿಂಗಳು, ಮೂರು

ಗ್ವಾಕ್ ಸೆದೊ ಪಂಡಿತರಿಗೆ,

ಎಲ್ಲಿ ಬರೆದೆ, ತೋರಿಸು ಎಂದಿರಿ. ತೋರಿಸುತ್ತಿದ್ದೇನೆ. ಈ ಕಾಗದದ ಜೊತೆಗಿದೆ, ಬಿಚ್ಚಿ ನೋಡಿ.

ನಿನ್ನೆ ಮಾನ್‌ಸೊಕ್ ಹೊರಗಿನ ಕೋಣೆಯಲ್ಲಿ ಊರ ಹಿರಿಯರಿಬ್ಬರನ್ನು ಕೂರಿಸಿಕೊಂಡಿದ್ದರು. ಅವರನ್ನು ಬೀಳ್ಕೊಡಲು ಎದ್ದು ಹೋದಾಗ ಕಾಗದಗಳು ಜಗಲಿಯ ಮೇಲೇ ಉಳಿದವು. ನಾನು ಬಟ್ಟಲು ತೊಳೆಯಲು ಬಾವಿಗೆ ಹೊರಟಿದ್ದೆ. ನಿಮ್ಮ ಕೈಬರಹ ಹತ್ತು ಮಾರು ದೂರದಿಂದಲೇ ನನಗೆ ಗುರುತು ಸಿಗುತ್ತದೆ. ಎಡಕ್ಕೆ ವಾಲಿದ ಆ ಅಕ್ಷರಗಳನ್ನು ನೋಡಿ, ನನಗೆ ಇನ್ನೊಂದು ಕಾಗದ ಬಂದಿದೆ, ಕೊಡಲು ಮರೆತಿದ್ದಾರೆ ಅಂದುಕೊಂಡೆ. ಎಂಥ ಆಸೆ! ಓಡಿ ಹೋಗಿ ಎತ್ತಿಕೊಂಡೆ.

'ಯೊಮ್ ಮನೆಯ ಸೊಸೆ, ಗ್ವಾಕ್ ವಂಶದ ಪತಿವ್ರತೆಯ ಚರಿತ್ರೆ.'

ಬಹಳ ಚೆನ್ನಾಗಿದೆ. ಬಾಲ್ಯ, ವಿನಯ, ವಿವಾಹ, ಶೋಕ, ಅಂತ್ಯ. ಅಂತ್ಯದಲ್ಲಿ ನೀವು ಒಂದು ಜಾಗ ಬಿಟ್ಟಿದ್ದೀರಿ. 'ಹುಲಿ ವರ್ಷ, ... ತಿಂಗಳು, ... ದಿನ, ಸೊಸೆ ತನ್ನ ಪತಿಯನ್ನು ಹಿಂಬಾಲಿಸಿದಳು.' ತಿಂಗಳಿಗೂ ದಿನಕ್ಕೂ ಜಾಗ ಬಿಟ್ಟಿದ್ದೀರಿ, ಸರಿಯಾಗಿ ಎರಡೆರಡು ಅಕ್ಷರ ಹಿಡಿಸುವಷ್ಟು. ಅಳತೆಯಲ್ಲಿ ನೀವು ಎಂದೂ ತಪ್ಪಿದವರಲ್ಲ.

ಅಷ್ಟರಲ್ಲಿ ಮಾನ್‌ಸೊಕ್ ಬಂದರು. "ಅತ್ತಿಗೆ, ಅದು ಗಂಡಸರ ಕಾಗದ. ಕೊಡಿ ಈಚೆಗೆ."

"ಇದರಲ್ಲಿ ಇರೋದು ನಾನೇ ಅಲ್ವಾ?"

"ನಿಮಗೆ ಪಂಡಿತರ ಚೀನೀ ಅಕ್ಷರ ಓದೋಕೆ ಬರುತ್ತಾ?" ಅವರ ಮುಖ ಸುಣ್ಣ ಬಳಿದ ಹಾಗಾಯಿತು.

"ಬರುತ್ತೆ. ಏಳನೇ ಸಾಲಲ್ಲಿ ಒಂದು ಅಕ್ಷರ ತಪ್ಪಿದೆ. ನಮ್ಮಪ್ಪ ಅವಸರದಲ್ಲಿ ಬರೆದ್ರೆ ಹಾಗೇ ಆಗೋದು."

"ನಿಮ್ಮಪ್ಪ ಒಪ್ಪಿ ಬರೆದುಕೊಟ್ಟಿದ್ದಾರೆ. ನಮ್ಮ ಮೇಲೆ ಯಾಕೆ ಕಣ್ಣು ಕೆಂಪು ಮಾಡ್ತೀರಿ? ಅರಮನೆಗೆ ಕಳಿಸೋ ಮನವಿಗೆ ಊರಿನ ಇಪ್ಪತ್ತು ಜನ ಸಹಿ ಹಾಕೋಕೆ ತಯಾರಿದ್ದಾರೆ. ಈಗ ನೀವು ಹಿಂದೆ ಸರಿದ್ರೆ ಎರಡೂ ಮನೆ ಮರ್ಯಾದೆ ಏನಾಗ್ಬೇಕು?"

ಕೇಳಿದಿರಾ? ನಾನು ಹಿಂದೆ ಸರಿಯುತ್ತಿದ್ದೇನಂತೆ. ಮುಂದೆ ಹೆಜ್ಜೆ ಇಟ್ಟದ್ದೇ ನನಗೆ ಗೊತ್ತಿಲ್ಲ.

ಕಾಗದವನ್ನು ಅವರಿಗೆ ಕೊಡಲಿಲ್ಲ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು, ಒಂದೊಂದು ಸಾಲಿನ ಪಕ್ಕದಲ್ಲೂ ಹೆಂಗಸರು ಬರೆಯುವ ನಮ್ಮ ನಾಡಿನ ಅಕ್ಷರದಲ್ಲಿ ನಿಜ ಏನೆಂದು ಬರೆದಿದ್ದೇನೆ. ನೀವು ಮೊದಲ ತಿಂಗಳಲ್ಲಿ ಮೈದುನನ ಕಾಗದ ಓದಿ ಈ ಬರಹ ಬರೆದಿರಿ. ನೂರು ದಿನದ ಸಾಂತ್ವನದ ಕಾಗದವೂ ಇದೂ ಒಂದೇ ಆಳಿನ ಚೀಲದಲ್ಲಿ ಬಂದವು. ಆಳನ್ನೇ ಕೇಳಿ ತಿಳಿದೆ. ನಾನು ಬದುಕಬೇಕೆಂದು ಬರೆದ ಕಾಗದ ನಿಮ್ಮ ಕೈ ಸೇರಿದ ಮೇಲೂ ಇದನ್ನು ಹಿಂದಕ್ಕೆ ಕರೆಸಲಿಲ್ಲ. 'ಯಾರನ್ನು ನಂಬಲಿ' ಎಂದು ಕೇಳಿದಿರಿ.

ಹೋಗಲಿ, ನಾನು ಪಣ ತೊಟ್ಟದ್ದು ನಿಜವೇ ಅಂದುಕೊಳ್ಳೋಣ. ಮಗಳು ಅನ್ನ ಬಿಟ್ಟು ಮಲಗಿದ್ದಾಳೆಂಬ ಸುದ್ದಿ ಬಂತು. ಐದು ದಿನದ ದಾರಿ. ನೀವು ಕುದುರೆಗೆ ಜೀನು ಹಾಕಲಿಲ್ಲ, ಕೂತು ಮಸಿ ತೇದಿರಿ.

ನಿಮ್ಮ ಶಿಷ್ಯರು ಹಗಲೆಲ್ಲ ಬಾಯಿಪಾಠ ಮಾಡುತ್ತಿದ್ದಾಗ ಕಾಗದ ಹೊದಿಸಿದ ಬಾಗಿಲ ಈಚೆ ಕೂತು ಹತ್ತಿ ಬಿಡಿಸುತ್ತ ನಾನು ಓದು ಕಲಿತೆ. ನಿಮಗೆ ಗೊತ್ತಿತ್ತು. ಹನ್ನೆರಡು ಜನರ ತಪ್ಪನ್ನು ತಿದ್ದಲು ನೀವು ಬೇಕೆಂದೇ ದನಿ ಎತ್ತಿ ಹೇಳುತ್ತಿದ್ದದ್ದು ಹದಿಮೂರನೆಯವಳಿಗೂ ಕೇಳಲೆಂದು ಅಂದುಕೊಂಡಿದ್ದೆ. ಎಂಥ ಮೂರ್ಖಿ.

ಇನ್ನು ನಿಮಗೆ ಬರೆಯುವುದಿಲ್ಲ.

ಯೊಮ್ ಮನೆಯ ಹಿರಿ ಸೊಸೆ


ಹೊಂಗ್‌ಜು
ಹುಲಿ ವರ್ಷ, ನಾಲ್ಕನೆಯ ತಿಂಗಳು, ಹದಿನಾರು

ನನ್ನ ಕಂದ ಓಕ್‌ದಾನ್,

ನಾನು ಅಮ್ಮ. ಊಟ ಮಾಡುತ್ತಿದ್ದೀಯಾ? ಮೊದಲು ಅದನ್ನು ಹೇಳು. ಈ ಕಾಗದ ತರುವ ಆಳಿನ ಕೈಯಲ್ಲಿ ಹುರಿಹಿಟ್ಟು, ಒಣಮೀನು ಕಳಿಸಿದ್ದೇನೆ. ಯಾರ ಕೈಗೂ ಕೊಡದೆ ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ಅವನ ಎದುರಿಗೇ ತಿನ್ನು.

ನಿನ್ನ ಕಟ್ಟು ಬಂದ ದಿನ ನಿಮ್ಮಪ್ಪ ಪಾಠದಲ್ಲಿದ್ದರು. ದೊಡ್ಡ ಶಿಷ್ಯ ಕಟ್ಟು ಬಿಚ್ಚಿ, ಗುರುಗಳ ಬರಹ ಪ್ರತಿ ಮಾಡಲು ಬಂದಿದೆ ಅಂದುಕೊಂಡು ಎಲ್ಲರ ಮುಂದೆ ರಾಗವಾಗಿ ಓದಲು ಶುರುಮಾಡಿದ. ನಾನು ಒಳಗೆ ಸೋಯಾ ಕಾಳು ಬೇಯಿಸುತ್ತಿದ್ದೆ. 'ಏಳನೆಯ ವಯಸ್ಸಿಗೇ ಹಿರಿಯರು ಉಣ್ಣುವ ಮುನ್ನ ತುತ್ತು ಮುಟ್ಟುತ್ತಿರಲಿಲ್ಲ' ಎಂದು ಓದಿದ. ಅದೇ ರಾಗದಲ್ಲಿ ಪಕ್ಕದಲ್ಲಿದ್ದದ್ದನ್ನೂ ಓದಿಬಿಟ್ಟ: 'ಸುಳ್ಳು. ಏಳನೆಯ ವಯಸ್ಸಿಗೆ ಎಲಚಿ ಮರ ಹತ್ತಿ ಕೂತು ಎಲ್ಲರ ಪಾಲಿನ ಹಣ್ಣನ್ನೂ ತಿಂದೆ. ಬೀಜವನ್ನು ಶಿಷ್ಯರ ಟೊಪ್ಪಿಗೆಯ ಮೇಲೆ ಉಗಿದೆ.' ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಅವನಿಗೆ ನಿಲ್ಲಿಸಲೂ ತಿಳಿಯಲಿಲ್ಲ, ದಡ್ಡ. ಕೊನೆಯವರೆಗೂ ಓದಿದ. ತಿಂಗಳು, ದಿನ ಎಂದು ಬಿಟ್ಟ ಜಾಗದಲ್ಲಿ ನೀನು ಬರೆದದ್ದನ್ನೂ ಓದಿದ: 'ಈ ಜಾಗವನ್ನು ತುಂಬಬೇಕಾದವರು ನೀವು. ಯಾವ ದಿನ ನಿಮಗೆ ಅನುಕೂಲ?'

ಆ ಬರಹದ ವಿಷಯ ನನಗೆ ಅಲ್ಲಿಯವರೆಗೂ ತಿಳಿಯದು, ಕಂದ. ಅನ್ನ ತಿಂದ ನಾಲಿಗೆಯ ಆಣೆ. ಮೈದುನ ಬರೆದ ಸುದ್ದಿಯೂ ತಿಳಿಯದು.

ಸೌಟು ಕೈಯಲ್ಲೇ ಇತ್ತು. ಗಂಡಸರ ಕೋಣೆಯ ಹೊಸ್ತಿಲು ದಾಟಿ ನಿಂತೆ.

"ಇದನ್ನ ಬರೆದೋರು ಯಾರು?"

"ಒಳಗೆ ಹೋಗು. ಶಿಷ್ಯರಿದ್ದಾರೆ."

"ಇರಲಿ, ಅವರೂ ಕೇಳಲಿ. ಬದುಕಿರೋ ಮಗಳಿಗೆ ತಿಥಿ ಊಟ ಹಾಕೋಕೆ ಹೊರಟಿದ್ದೀರಲ್ಲ, ನನಗೊಂದು ಮಾತು ಹೇಳಿದ್ರಾ?"

"ಕೊಟ್ಟ ಮೇಲೆ ಅವಳು ಆ ಮನೆಯವಳು."

"ಆ ಮನೆಯವಳಾದ್ರೆ ಅವಳ ಚರಿತ್ರೆ ಆ ಮನೆಯವರೇ ಬರೀಲಿ. ನೀವ್ಯಾಕೆ ಬರೆದ್ರಿ?"

ಅವರು ಮುಂದಿದ್ದ ಪುಸ್ತಕದ ಹಾಳೆ ಮಗುಚಿದರು. ಇಪ್ಪತ್ತು ವರ್ಷದಿಂದ ಊರೂರ ಪಂಡಿತರಿಗೆ ಉತ್ತರ ಕೊಟ್ಟವರು. ನಾನು ಮತ್ತೂ ಅಂದೆ, "ಹುಲಿಗೆ ಮರಿ ಮೇಲೆ ಮಮತೆ ಒಂದಾದ್ರೂ ಇದೆ ಅಂತ ನೀವೇ ತಾನೇ ಹೇಳಿಕೊಡೋದು? ಆ ಒಂದರಲ್ಲಿ ಹುಲೀನೇ ನಿಮಗಿಂತ ಮೇಲು." ಸೌಟನ್ನು ಅವರ ಪುಸ್ತಕದ ಮೇಲೆ ಎಸೆದೆ. ಸೋಯಾ ಚೆಲ್ಲಿತು. ಚೆಲ್ಲಲಿ.

ನಾಳೆ ಬೆಳಿಗ್ಗೆ ಹೊರಡುತ್ತೇನೆ. ಪಲ್ಲಕ್ಕಿ ಹೇಳಿದ್ದೇನೆ. ಅವರು ಬಂದರೆ ಬರಲಿ, ಬಿಟ್ಟರೆ ಬಿಡಲಿ. ನಾನು ಬರುವವರೆಗೆ ಯಾರು ಏನೇ ಕೊಟ್ಟರೂ ಕುಡಿಯಬೇಡ.

ಅಮ್ಮ


ಯಾಂಗ್‌ಜು
ಹುಲಿ ವರ್ಷ, ಐದನೆಯ ತಿಂಗಳು, ಇಪ್ಪತ್ತು

ಅಪ್ಪನಿಗೆ,

ಬರೆಯುವುದಿಲ್ಲ ಎಂದಿದ್ದೆ. ಆದರೆ ನೀವು ನನ್ನ ಚರಿತ್ರೆ ಬರೆದ ಮೇಲೆ ನಿಮ್ಮದನ್ನೂ ಯಾರಾದರೂ ಬರೆದಿಡಬೇಕು. ಒಂದು ದಿನದ್ದು ಸಾಕು. ಇದರಲ್ಲಿ ಸುಳ್ಳಿಲ್ಲ, ಪರದೆಯ ಹಿಂದೆ ಕೂತು ನಾನು ಕಂಡದ್ದು, ಕೇಳಿದ್ದು.

ಇದೇ ತಿಂಗಳ ಎರಡನೆಯ ದಿನ ಯೊಮ್ ವಂಶದ ಹಿರಿಯರು ನಮ್ಮ ಅಂಗಳದಲ್ಲಿ ಸೇರಿದರು. ಕೆಂಪು ಬಾಗಿಲಿನ ಮನವಿಗೆ ಸಹಿ ಹಾಕಲು. ನಾನು ಬದುಕಿರುವುದು ಅವರಿಗೆ ಗೊತ್ತಿತ್ತು. ಯಾರೂ ಅದನ್ನು ಮಾತಿಗೆ ತರಲಿಲ್ಲ, ಊಟದ ಮನೆಯಲ್ಲಿ ಹೂಸಿನ ಮಾತು ಎತ್ತದ ಹಾಗೆ. ಅಮ್ಮ ಹತ್ತು ದಿನದಿಂದ ನನ್ನ ಕೋಣೆಯಲ್ಲೇ ಇದ್ದರು; ಅತ್ತೆ ಅವರೊಡನೆ ಮಾತು ಬಿಟ್ಟಿದ್ದರು.

ಆಗ ನೀವು ಬಂದಿರಿ. ಒಬ್ಬರೇ. ಮೊಣಕಾಲುದ್ದ ಕೆಸರು, ಕುದುರೆಕೂದಲಲ್ಲಿ ಹೆಣೆದ ಟೊಪ್ಪಿಗೆಯ ಒಂದು ಕಡೆ ಮುರಿದಿತ್ತು. ಮಾನ್‌ಸೊಕ್ ಓಡಿ ಬಂದು ಬಗ್ಗಿ ನಮಸ್ಕರಿಸಿದರು. "ಬನ್ನಿ ಪಂಡಿತರೇ, ನಿಮಗೇ ಕಾಯ್ತಿದ್ವಿ. ಮೂಲಪ್ರತಿ ಎಲ್ಲೋ ಕೈತಪ್ಪಿತು. ಇನ್ನೊಂದು ಬರೆದು ತಂದಿರಾ?"

"ಅದನ್ನೇ ತಂದಿದೀನಿ" ಎಂದಿರಿ. ನಿಂತುಕೊಂಡೇ ಓದಿದಿರಿ. ನಿಮ್ಮ ಸಾಲು, ಅದರ ಪಕ್ಕದ ನನ್ನ ಸಾಲು. ನಿಮ್ಮ ಸಾಲು, ನನ್ನ ಸಾಲು. ನನ್ನ ಸಾಲುಗಳನ್ನು ಓದುವಾಗ ನಿಮ್ಮ ದನಿ ತಗ್ಗಲಿಲ್ಲ, ಅದನ್ನು ಒಪ್ಪುತ್ತೇನೆ. ಎಲಚಿ ಮರವನ್ನೂ ಓದಿದಿರಿ. ನೀರಾದ ಗಂಜಿಯನ್ನೂ ಓದಿದಿರಿ. ಅಲ್ಲಿ ಅತ್ತೆ ಎದ್ದು ಒಳಗೆ ಹೋದರು.

ಓದಿ ಮುಗಿಸಿ, "ಇದರಲ್ಲಿ ಹದಿನಾಲ್ಕು ಸುಳ್ಳುಗಳಿವೆ. ಹದಿನಾಲ್ಕೂ ನನ್ನವು" ಎಂದಿರಿ.

ವಂಶದ ಹಿರಿಯಜ್ಜ ಗಡ್ಡ ನೀವಿಕೊಂಡು ನಕ್ಕರು. "ಅಲ್ಲಯ್ಯಾ ಗ್ವಾಕ್, ನಮ್ಮ ಕಡೆಯೋರು ಮನುಷ್ಯ, ಮೃಗ ಒಂದೇ ಅಂದಾಗ ನೀನು ಇಪ್ಪತ್ತು ವರ್ಷ ನಮ್ಮನ್ನ ಬೈದೆ. ಉಸಿರಿಗಿಂತ ದೊಡ್ಡದು ಬಲ್ಲೋನೇ ಮನುಷ್ಯ ಅಂದೆ. ಈಗ ನಿನ್ನ ಮಗಳು ಉಸಿರು ಬಿಟ್ಟುಕೊಡೋಲ್ಲ ಅಂತಾಳೆ. ಹಾಗಾದ್ರೆ ಅವಳು ಯಾವ ಕಡೆ?"

ಅಂಗಳವೆಲ್ಲ ನಿಮ್ಮ ಮುಖ ನೋಡಿತು. ನಾನೂ ಪರದೆಯ ಸೀಳಿನಿಂದ ನೋಡಿದೆ. ನಿಮ್ಮ ಕತ್ತಿನ ನರ ಉಬ್ಬಿತ್ತು. ಶಿಷ್ಯರನ್ನು ಬೈಯುವ ಮುಂಚೆ ಉಬ್ಬುವ ಹಾಗೆ.

"ನನ್ನ ಸಿದ್ಧಾಂತ ನನ್ನದು" ಎಂದಿರಿ. "ಅದರಲ್ಲಿ ಒಂದು ಅಕ್ಷರವನ್ನೂ ನಿಮಗೆ ಬಿಟ್ಟುಕೊಡೋದಿಲ್ಲ. ಆದ್ರೆ ಇಪ್ಪತ್ತು ವರ್ಷ ನಾನು ಬರೆದಿದ್ದು ಮನುಷ್ಯ ತಾನಾಗಿ ಉಸಿರು ಬಿಟ್ಟುಕೊಡೋದರ ವಿಷಯ. ಇನ್ನೊಬ್ಬರ ಉಸಿರು ಹಿಡಿದು ಕೀಳೋದರ ವಿಷಯ ಅಲ್ಲ. ಈ ಕಾಗದದ ಮೇಲೆ ನೀವು ಕೆಂಪು ಬಾಗಿಲು ಕಟ್ಟಿದ್ರೆ ಅದರ ಕೆಳಗೆ ನಡೆಯೋರೆಲ್ಲ ಮೃಗಗಳೇ. ಮೊದಲನೇ ಮೃಗ ನಾನು. ಎರಡನೆಯದು ಯಾರು, ನೀವೇ ನೋಡ್ಕೊಳ್ಳಿ."

ಕಾಗದವನ್ನು ಚಹದ ಒಲೆಗೆ ತುರುಕಿದಿರಿ. ಮಾನ್‌ಸೊಕ್ ಕೈಹಾಕಲು ಹೋಗಿ ಬೆರಳು ಸುಟ್ಟುಕೊಂಡರು.

"ಈ ಮನೆಗೆ ಹಿರಿ ಸೊಸೆ ಇದ್ದಾಳೆ. ದತ್ತು ಯಾರು ಅಂತ ಅವಳು ಹೇಳ್ಬೇಕು. ಅದು ನನ್ನ ಮಾತಲ್ಲ, ವಿಧಿ. ಎರಡು ಪಂಥಕ್ಕೂ ಒಂದೇ ವಿಧಿಪುಸ್ತಕ. ಬಿಚ್ಚಿ ಓದಿ" ಎಂದು ಹೇಳಿ ಕೂತುಬಿಟ್ಟಿರಿ.

ಒಬ್ಬೊಬ್ಬರಾಗಿ ಎದ್ದು ಹೋದರು. ಒಬ್ಬರೂ ಸಹಿ ಹಾಕಲಿಲ್ಲ.

ಇದು ನಿಮ್ಮ ಚರಿತ್ರೆ. ಚೆನ್ನಾಗಿದೆ ಅಲ್ಲವೇ? ಓದಿದವರು ನಿಮ್ಮನ್ನು ಹೊಗಳುತ್ತಾರೆ. ಈಗ ಪಕ್ಕದ ಸಾಲು ಬರೆಯುತ್ತೇನೆ.

'ಕಾಗದ ಸುಳ್ಳು' ಎಂದಿರಿ. 'ವಿಧಿ' ಎಂದಿರಿ. 'ಸಿದ್ಧಾಂತ' ಎಂದಿರಿ. 'ನನ್ನ ಮಗಳು ಸಾಯಬಾರದು' ಎನ್ನಲಿಲ್ಲ. ಅಷ್ಟು ಜನರ ಮುಂದೆ ನಿಮ್ಮನ್ನೇ ಮೃಗ ಎಂದುಕೊಂಡಿರಿ, ಆ ಮೂರು ಪದ ಮಾತ್ರ ಬಾಯಿಗೆ ಬರಲಿಲ್ಲ. ಆಮೇಲೆ ಹೊರಗಿನ ಕೋಣೆಯಲ್ಲಿ ಎರಡು ದಿನ ಇದ್ದಿರಿ. ನಾನು ಹೊರಗೆ ಬಂದು ನಮಸ್ಕರಿಸಲೆಂದು ಕಾದಿರಿ ಎಂದು ಅಮ್ಮ ಹೇಳಿದರು. ನೀವು ಒಳಗೆ ಬರಲೆಂದು ನಾನು ಕಾದೆ. ಇಬ್ಬರ ನಡುವೆ ಹದಿನೈದು ಹೆಜ್ಜೆ ಇತ್ತು.

ಮೂರನೆಯ ದಿನ ನೀವು ಹೊರಟಾಗ ನೋಡಿದೆ. ಟೊಪ್ಪಿಗೆ ಹಾಗೇ ಮುರಿದಿತ್ತು. ಹೊಲಿದುಕೊಡಬಹುದಿತ್ತು. ಹೊಲಿಯಲಿಲ್ಲ. ನನಗೆ ಇನ್ನೂ ಸಿಟ್ಟಿದೆ.

ಓಕ್‌ದಾನ್


ಹೊಂಗ್‌ಜು
ಹುಲಿ ವರ್ಷ, ಎಂಟನೆಯ ತಿಂಗಳು, ಒಂದು

ಓಕ್‌ದಾನ್‌ಗೆ,

ದತ್ತಿನ ವಿಷಯ ಕೇಳಿದೆ. ಬಡ ದಾಯಾದಿಯ ಎರಡು ವರ್ಷದ ಹೆಣ್ಣುಮಗುವನ್ನೂ ಗಂಡುಮಗುವನ್ನೂ ಜೊತೆಗೇ ತಂದಿದ್ದೀಯಂತೆ, ಅವಳಿಗಳೆಂದು. ವಿಧಿಗೆ ಗಂಡುಮಗು ಒಂದೇ ಸಾಕು. ಇರಲಿ, ನಿನ್ನ ಹಕ್ಕು.

ಮಾನ್‌ಸೊಕ್ ಬೇರೆ ಮನೆ ಮಾಡಿದನೆಂದೂ ತಿಳಿಯಿತು.

ಸುಗ್ಗಿಹುಣ್ಣಿಮೆ ಹತ್ತಿರ ಬಂತು. ಇಲ್ಲಿ ಹಿರಿಯರ ಪೂಜೆಗೆ ಅಡುಗೆ ನೋಡುವವರಿಲ್ಲ. ನಿನ್ನ ಅಮ್ಮನನ್ನು ಕಳಿಸು.

ಅಪ್ಪ


ಯಾಂಗ್‌ಜು
ಹುಲಿ ವರ್ಷ, ಎಂಟನೆಯ ತಿಂಗಳು, ಇಪ್ಪತ್ತೆರಡು

ಅಪ್ಪನಿಗೆ,

ಕಳಿಸಲು ಅಮ್ಮ ಸಾಮಾನಲ್ಲ. ಯಾವಾಗ ಬರುವುದು, ಬರುವುದೋ ಇಲ್ಲವೋ, ಅವರನ್ನೇ ಕೇಳಿ. ಅವರಿಗೆ ಓದಲು ಬರುತ್ತದೆ. ಅವರ ಹೆಸರಿಗೆ ಇದುವರೆಗೂ ಒಂದು ಕಾಗದವೂ ಬಂದಿಲ್ಲವಂತೆ.

ಓಕ್‌ದಾನ್


ಹೊಂಗ್‌ಜು
ಹುಲಿ ವರ್ಷ, ಹತ್ತನೆಯ ತಿಂಗಳು, ಐದು

ಓಕ್‌ದಾನ್‌ಳ ತಾಯಿಗೆ,

ಏನೆಂದು ಕರೆದು ಬರೆಯಬೇಕೋ ತಿಳಿಯದೆ ಒಂದು ತಿಂಗಳು ಕಳೆಯಿತು. ಮೂವತ್ತೊಂದು ವರ್ಷದಲ್ಲಿ ನಿನಗೆ ಬರೆಯುವ ಪ್ರಸಂಗ ಬಂದಿರಲಿಲ್ಲ. ಎದುರಿಗಿದ್ದಾಗ 'ಇಲ್ಲಿ ನೋಡು' ಎಂದರೆ ಸಾಕಾಗುತ್ತಿತ್ತು.

ನನಗೂ ಸಿಟ್ಟು ಬಂದಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಶಿಷ್ಯರಲ್ಲಿ ಏಳು ಮಂದಿ ಬಿಟ್ಟುಹೋದರು. ಮಗಳ ಕೈಲಿ ತಿದ್ದಿಸಿಕೊಂಡ ಪಂಡಿತ ಎಂದು ಪಕ್ಕದೂರಿನ ಪಾಠಶಾಲೆಯಲ್ಲಿ ನಗುತ್ತಾರಂತೆ. ಪೂಜೆಗೆ ಮಾಡಿದ ಅಕ್ಕಿಕಡುಬು ಬಿರಿದುಹೋಯಿತು. ಸೋಯಾ ಹುದುಗಿಸುವ ಗಡಿಗೆಯ ಮುಚ್ಚಳ ತೆಗೆಯುವುದು ಯಾವಾಗ, ಮುಚ್ಚುವುದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಮಳೆ ನೀರು ಸೇರಿತು. ಇದಕ್ಕೆಲ್ಲ ನೀನು ಕಾರಣ ಎಂದು ಬರೆಯಬೇಕೆಂದಿದ್ದೆ. ಬರೆದಾಯಿತು.

ಮೃಗದ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಮಗಳಿಗೆ ಹೇಳು. ಆದರೆ ಮನುಷ್ಯನ ಭಾಗವನ್ನು ಬರೆಯಲು ಕೂತರೆ ಕೈ ಓಡುವುದಿಲ್ಲ.

ಯಾರಿಗೂ ಹೇಳದ ಒಂದು ಮಾತಿದೆ. ಮಗಳ ಚರಿತ್ರೆಯ ಆ ಬರಹವನ್ನು ನಾನು ಒಂದೇ ಸಲಕ್ಕೆ, ಎದ್ದೇಳದೆ ಬರೆದೆ. ಬಹಳ ಚೆನ್ನಾಗಿ ಬಂದಿದೆ ಎಂದು ಸಂತೋಷವಾಯಿತು. ಒಂದೆರಡು ಕಡೆ ಗಟ್ಟಿಯಾಗಿ ಓದಿಕೊಂಡೆ. ಮುಗಿಸಿ ಕೈ ತೊಳೆದು ಊಟಕ್ಕೆ ಬಂದೆ. ನೀನು ಮೂಲಂಗಿ ಸಾರು ಬಡಿಸಿದೆ. ಎರಡು ಸಲ ಹಾಕಿಸಿಕೊಂಡೆ. 'ಇವತ್ತು ಬರವಣಿಗೆ ಚೆನ್ನಾಗಿ ಆಯ್ತಾ' ಎಂದು ನೀನು ಕೇಳಿದೆ. 'ಆಯ್ತು' ಎಂದೆ.

ಈಗ ದಿನವೂ ಆ ಊಟದ ನೆನಪಾಗುತ್ತದೆ. ಸಾರಿನ ವಾಸನೆ ಬಂದರೆ ಎದ್ದು ಹೊರಗೆ ಹೋಗುತ್ತೇನೆ.

ಹಿಮ ಬೀಳುವ ಮೊದಲು ಬರುವುದಾದರೆ ಕಣಿವೆಯ ಈ ಬದಿಯವರೆಗೆ ನಾನೇ ಬರುತ್ತೇನೆ. ಬರುವುದಿಲ್ಲವಾದರೆ ಕಾರಣ ಬರೆ. ಬೈದು ಬರೆದರೂ ಓದುತ್ತೇನೆ.

ಓಕ್‌ದಾನ್‌ಗೆ ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ನನ್ನ ಹೆಸರು ಹೇಳಿದರೆ ಬಟ್ಟಲು ಕುಕ್ಕುತ್ತಾಳೆ ಎಂದು ಆಳು ಬಂದು ಹೇಳಿದ. ಕುಕ್ಕಲಿ. ಸಿಟ್ಟಾಗಿರುವುದಕ್ಕಾದರೂ ಇದ್ದಾಳಲ್ಲ.

ಸೆದೊ